ಐಸ್‌ಲ್ಯಾಂಡಿನ ಹಿಂದಿನ ಕಾಲದ ಅತ್ತೆ ಹೊಸ ಸೊಸೆಗೆ ಹೇಳಿದ್ದು

ನೋಡಮ್ಮ, ಅಡುಗೆ, ನೇಯ್ಗೆ ಎಲ್ಲ ಆಮೇಲೆ. ಮೊದಲು ಹುಲ್ಲಿನ ಮಾತು ಕೇಳು. ನಮ್ಮ ದ್ವೀಪಕ್ಕೆ ಮೊದಮೊದಲು ಬಂದವರಲ್ಲಿ ಫ್ಲೋಕಿ ಅಂತ ಒಬ್ಬನಿದ್ದ. ಅವನು ಇಳಿದ ಕೊಲ್ಲಿಯಲ್ಲಿ ಎಲ್ಲಿ ನೋಡಿದರೂ ಮೀನು. ಬೇಸಿಗೆಯೆಲ್ಲ ಮೀನು ಹಿಡಿಯುತ್ತ ಹುಲ್ಲು ಕೊಯ್ಯುವುದನ್ನೇ ಬಿಟ್ಟ. ಚಳಿಗಾಲ ಕಳೆಯುವಷ್ಟರಲ್ಲಿ ತಂದಿದ್ದ ದನಕುರಿ ಒಂದೂ ಉಳಿಯಲಿಲ್ಲ. ಈ ನಾಡಿಗೆ ಮಂಜುಗಡ್ಡೆಯ ಹೆಸರಿಟ್ಟವನೂ ಅವನೇ.

ಹಾಗಾಗಿ ಹುಲ್ಲಿನ ಕಾಲದಲ್ಲಿ ಬೇರೆ ಕೆಲಸ ಕಾಯಲಿ. ಇಬ್ಬನಿ ಆರುವ ಮುಂಚೆಯೇ ಕುಡುಗೋಲು ಹಾಕಿಸು, ಒದ್ದೆ ಹುಲ್ಲು ಸಲೀಸಾಗಿ ಕೊಯ್ಲಾಗುತ್ತದೆ. ಬಿಸಿಲು ಬಂದ ಮೇಲೆ ಹರಡಿ ತಿರುವಿಹಾಕು, ಮೋಡ ಕಂಡರೆ ಸಣ್ಣ ಗುಪ್ಪೆ ಮಾಡು. ಹಸಿ ಇರುವಾಗ ಬಣವೆ ಒಟ್ಟಿದರೆ ಒಳಗೊಳಗೇ ಕಾವು ಹತ್ತಿ ಬೂಷ್ಟು ಹಿಡಿಯುತ್ತದೆ, ಹೊತ್ತಿಕೊಳ್ಳುವುದೂ ಉಂಟು. ಕೈ ತೂರಿಸಿ ನೋಡು. ಬಿಸಿ ತಾಕಿತೋ, ತಕ್ಷಣ ಬಿಚ್ಚು. ಕೊಟ್ಟಿಗೆಯ ಸಗಣಿಯೆಲ್ಲ ಮನೆ ಪಕ್ಕದ ಹುಲ್ಲುಗಾವಲಿಗೇ ಹೋಗಲಿ. ಕುರಿಹಿಕ್ಕೆಯನ್ನು ಒಣಗಿಸಿ ಒಲೆಗೆ ಇಟ್ಟುಕೋ.

ಕುರಿಗಳು ಬೆಟ್ಟದಿಂದ ಇಳಿದ ದಿನ ಬಣವೆ ಅಳೆದು ತಲೆ ಎಣಿಸು. ಹಸು ಹೆಚ್ಚುಕಡಿಮೆ 7 ತಿಂಗಳು ಕೊಟ್ಟಿಗೆಯಲ್ಲೇ ಇರಬೇಕು. ಹುಲ್ಲು ಸಾಲದಷ್ಟನ್ನು ಆಗಲೇ ಕಡಿಸಿಬಿಡು. ಇದು ನನಗೂ ಸಂಕಟದ ಕೆಲಸ. ಮದುವೆಯಾದ ಹೊಸದರಲ್ಲಿ ಮುದ್ದಿನ 2 ಕುರಿಮರಿ ಉಳಿಸಿಕೊಂಡೆ. ಚಳಿಗಾಲದ ಕೊನೆಗೆ ಹುಲ್ಲು ಮುಗಿದು ಹಸುವಿನ ಹಾಲೇ ಬತ್ತಿತು, ಆ ಮರಿಗಳೂ ಉಳಿಯಲಿಲ್ಲ.

ಕಡಿದ ಮಾಂಸ ಕೆಡದಂತೆ ಇಡಲು ನಮಗೆ ಉಪ್ಪಿಲ್ಲ. ಸುತ್ತಲೂ ಸಮುದ್ರ ಇದೆ, ಆ ನೀರನ್ನು ಕುದಿಸುವಷ್ಟು ಸೌದೆ ಎಲ್ಲಿದೆ? ನಮ್ಮ ಕೈ ಹಿಡಿಯುವುದು ಸ್ಕೀರ್, ಅಂದರೆ ನಮ್ಮ ಗಟ್ಟಿ ಮೊಸರು, ಬಸಿದಾಗ ಇಳಿಯುವ ನೀರು. ಕೆನೆ ತೆಗೆದ ಹಾಲು ಕಾಯಿಸಿ, ಉಗುರುಬೆಚ್ಚಗಾದಾಗ ಹಳೆಯ ಸ್ಕೀರ್ ಒಂದಿಷ್ಟು, ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಒಂದಿಷ್ಟು ಹಾಕು. ಗಟ್ಟಿಯಾದ ಮೇಲೆ ಬಟ್ಟೆಯಲ್ಲಿ ಬಸಿ. ಇಳಿದ ನೀರನ್ನು ನೆಲದಲ್ಲಿ ಹೂತಿಟ್ಟ ಪೀಪಾಯಿಗೆ ಸುರಿದು ಚೆನ್ನಾಗಿ ಹುಳಿ ಬರಿಸು. ಬೇಯಿಸಿದ ಮಾಂಸ ಅದರಲ್ಲಿ ಪೂರ್ತಿ ಮುಳುಗಿರಬೇಕು; ಮೇಲೆ ಇಣುಕಿದ ತುಂಡು ಮೊದಲು ಕೆಡುತ್ತದೆ. ಅದೇ ನೀರಿಗೆ ತಣ್ಣೀರು ಬೆರೆಸಿದರೆ ಗಂಡಸರಿಗೆ ಕುಡಿಯಲೂ ಆಯಿತು. ಮೀನನ್ನು ಗಾಳಿಗೆ ಒಣಹಾಕಿದರೆ ಸಾಕು, ತಿನ್ನುವಾಗ ಬೆಣ್ಣೆ ಧಾರಾಳವಾಗಿ ಹಚ್ಚಿಕೊಡು.

ಹಳೆಯ ಸ್ಕೀರ್ ಒಂದು ಬಟ್ಟಲು ಯಾವಾಗಲೂ ಎತ್ತಿಟ್ಟಿರಮ್ಮ. ತೀರಿಹೋದರೆ ನೆರೆಮನೆಯಿಂದ ಹೆಪ್ಪಿಗೆ ತರಲು ಹಿಮದಲ್ಲಿ ಅರ್ಧ ದಿನ ನಡೆಯಬೇಕು.