ಡಾರ್ಕ್ ರೂಂ ಬಾಡಿಗೆಗೆ ಕೊಡುವ ಯೋಚನೆಯೇ? ಮೊದಲು ನಲ್ಲಿ ತಿರುಗಿಸಿ ನೋಡಿ

ಫಿಲಂ ಕ್ಯಾಮೆರಾ ನೇತುಹಾಕಿಕೊಂಡ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಮತ್ತೆ ಕಾಣಿಸುತ್ತಿದ್ದಾರೆ. ರೋಲ್ ತೊಳೆದು ಸ್ಕ್ಯಾನ್ ಮಾಡಿಕೊಡುವವರಿದ್ದಾರೆ. ತಾವೇ ಕೈಯಾರೆ ಪ್ರಿಂಟ್ ಹಾಕಬೇಕೆಂದರೆ ಜಾಗ, ಅಂದರೆ ಬೆಳಕು ನುಸುಳದ ಡಾರ್ಕ್ ರೂಂ, ಸಿಗುವುದು ಕಷ್ಟ. ಆ ಜಾಗವನ್ನು ನೀವು ಕೊಡಬಹುದು. ಆದರೆ ಡಾರ್ಕ್ ರೂಂ ಒಂದನ್ನೇ ನಂಬಿದರೆ ಕಟ್ಟಡದ ಬಾಡಿಗೆ ಹುಟ್ಟುವುದಿಲ್ಲ. ಪಕ್ಕದಲ್ಲಿ ಶೂಟಿಂಗ್ ಸ್ಟುಡಿಯೊ ಇರಲೇಬೇಕು. ಜನರನ್ನು ಡಾರ್ಕ್ ರೂಂ ಕರೆತರುತ್ತದೆ, ದುಡ್ಡು ಸ್ಟುಡಿಯೊದಿಂದ ಬರುತ್ತದೆ.

ಜಾಗ ನೋಡಲು ಟೇಪ್ ಹಿಡಿದೇ ಹೋಗಿ. ಬ್ಯಾಕ್‌ಡ್ರಾಪ್ ಪೇಪರ್ ರೋಲ್ 2.72 ಮೀಟರ್, ಅಂದರೆ 9 ಅಡಿ ಅಗಲ. ಎರಡೂ ಬದಿ ಲೈಟ್ ಸ್ಟ್ಯಾಂಡ್ ನಿಲ್ಲಬೇಕಲ್ವಾ? ಹಾಗಾಗಿ ಕೋಣೆ 14 ಅಡಿಯಾದರೂ ಅಗಲ ಇರಲಿ. ಫುಲ್‌ಫ್ರೇಮ್ (35 ಎಂಎಂ ಫಿಲಂ ಅಳತೆಯ) ಕ್ಯಾಮೆರಾಗೆ 85 ಎಂಎಂ ಲೆನ್ಸ್ ಹಾಕಿ ನಿಂತವರನ್ನು ತಲೆಯಿಂದ ಕಾಲಿನವರೆಗೆ ತೆಗೆಯಲು ಸುಮಾರು 17 ಅಡಿ ದೂರ ಬೇಕು. ಹಿಂದೆ ಮುಂದೆ ಬಿಡುವ ಜಾಗ ಸೇರಿದರೆ 25 ಅಡಿ ಉದ್ದ. ಅಷ್ಟಿಲ್ಲದಿದ್ದರೆ 50 ಎಂಎಂ ಲೆನ್ಸ್‌ಗೆ 10 ಅಡಿ ದೂರ ಸಾಕು. ಗಿರಾಕಿಗೆ ಮೊದಲೇ ಹೇಳಿಬಿಡಿ.

ಇನ್ನು ನೀರು. ಮಾಲೀಕರನ್ನು ಅಡ್ವಾನ್ಸ್ ಎಷ್ಟು ಎಂದು ಕೇಳುವ ಮೊದಲು ಕಾವೇರಿ ನೀರೋ ಬೋರ್‌ವೆಲ್ಲೋ ಕೇಳಿ. ಬೋರ್‌ವೆಲ್‌ನ ಗಡಸು ನೀರು ಒಣಗಿದಾಗ ನೆಗೆಟಿವ್ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ. ಡೆವಲಪರ್ (ಫಿಲಂ ಮೇಲೆ ಚಿತ್ರ ಮೂಡಿಸುವ ಕೆಮಿಕಲ್) ಕಲಸಲು, ಫಿಲಂ ಕೊನೆಯ ಸಲ ಅದ್ದಲು ಡಿಸ್ಟಿಲ್ಡ್ ನೀರು ಇಟ್ಟುಕೊಳ್ಳಿ. ಇನ್ನೊಂದು ತಲೆನೋವು ಬಿಸಿ. ಫಿಲಂ ಡೆವಲಪ್ ಮಾಡುವ ಲೆಕ್ಕವೆಲ್ಲ 20 ಡಿಗ್ರಿಗೆ. ಏಪ್ರಿಲ್‌ನಲ್ಲಿ ಟ್ಯಾಂಕಿನಿಂದ ಇಳಿಯುವ ನೀರು ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಇಲ್ಫೋರ್ಡ್ ಎಚ್‌ಪಿ5 ಫಿಲಂಗೆ ಐಡಿ-11 ಡೆವಲಪರ್‌ನಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ. 24 ಡಿಗ್ರಿಗೆ ಐದೂವರೆ ನಿಮಿಷವೂ ಬೇಡ. ಒಂದು ಹಳೆ ಫ್ರಿಜ್, ಐಸ್ ಬಾಟಲಿ ಹಾಕಿದ ಟಬ್, ನಂಬಬಹುದಾದ ಥರ್ಮಾಮೀಟರ್ ಇದ್ದರೆ ಅರ್ಧ ಜಗಳ ತಪ್ಪುತ್ತದೆ.

ಡಾರ್ಕ್ ರೂಂಗೆ 8x10 ಅಡಿಯ ಕೋಣೆ ಸಾಕು. ಬಾತ್‌ರೂಂಗೆ ಅಂಟಿಕೊಂಡಿದ್ದರೆ ಪೈಪ್ ಖರ್ಚು ಉಳಿಯುತ್ತದೆ. ಒಂದು ಗೋಡೆಗೆ ನೆಗೆಟಿವ್ ಚಿತ್ರವನ್ನು ಪೇಪರ್ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್, ಎದುರಿನ ಗೋಡೆಗೆ ಕೆಮಿಕಲ್ ಟ್ರೇಗಳು. ಒದ್ದೆ ಕೈ ಕರೆಂಟಿನ ಹತ್ತಿರ ಸುಳಿಯಬಾರದು. ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವುದರಲ್ಲಿ ಜಿಪುಣತನ ಬೇಡ. ಎಕ್ಸಾಸ್ಟ್ ಫ್ಯಾನ್ ಟ್ರೇಗಳ ಕಡೆಗಿರಲಿ. ಬಾಗಿಲು ಹಾಕಿ ಹತ್ತು ನಿಮಿಷ ಸುಮ್ನೆ ಒಳಗೆ ಕೂತಿರಿ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಬೆಳಕು ನುಸುಳುವ ಸಂದುಗಳು ತಾವಾಗಿ ಕಾಣುತ್ತವೆ. ಆಮೇಲೆ ಪೇಪರ್ ಕೆಡಿಸದ ಕೆಂಪು ದೀಪ, ಅಂದರೆ ಸೇಫ್‌ಲೈಟ್ ಪರೀಕ್ಷೆ. ಎನ್‌ಲಾರ್ಜರ್‌ನಲ್ಲಿ ತಿಳಿ ಬೂದು ಬರುವಷ್ಟು ಬೆಳಕು ತೋರಿಸಿದ ಪೇಪರ್ ಮೇಲೆ ನಾಣ್ಯ ಇಟ್ಟು, ಕೆಂಪು ದೀಪದಡಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಮೂಡಿದರೆ ಆ ದೀಪ ಸೇಫ್ ಅಲ್ಲ.

ಎನ್‌ಲಾರ್ಜರ್ ಹೊಸದು ಬೇಡ. ಡಿಜಿಟಲ್ ಬಂದಾಗ ಅಟ್ಟ ಸೇರಿದವು ಹಳೆ ಸ್ಟುಡಿಯೊಗಳಲ್ಲಿ ಇನ್ನೂ ಇರುತ್ತವೆ. ಕಂಬ ಅಲ್ಲಾಡುತ್ತದೆಯೇ, ಲೆನ್ಸ್‌ನಲ್ಲಿ ಫಂಗಸ್ ಇದೆಯೇ, ನೆಗೆಟಿವ್ ಹಿಡಿಯುವ ಚೌಕಟ್ಟು (ಕ್ಯಾರಿಯರ್) ಇದೆಯೇ ನೋಡಿ. 35 ಎಂಎಂ ಫಿಲಂಗೆ 50 ಎಂಎಂ ಲೆನ್ಸ್, 6x6 ಸೆಂ.ಮೀ. ನೆಗೆಟಿವ್‌ಗೆ 80 ಎಂಎಂ ಬೇಕು.

ಬಳಸಿದ ಹೈಪೋ (ಮೂಡಿದ ಚಿತ್ರ ಉಳಿಯುವಂತೆ ಮಾಡುವ ಫಿಕ್ಸರ್) ಚರಂಡಿಗೆ ಸುರಿಯಬೇಡಿ. ಅದರಲ್ಲಿ ಫಿಲಂನಿಂದ ಇಳಿದ ಬೆಳ್ಳಿ ಇರುತ್ತದೆ. ಕ್ಯಾನ್‌ನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಅಧಿಕೃತರಿಗೆ ಕೊಡಿ.

ಕಾಗದಪತ್ರ ಅಂಥ ಕಷ್ಟವಲ್ಲ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಕಮರ್ಷಿಯಲ್ ಕರೆಂಟ್ ಮೀಟರ್. ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ. ಸೇವೆ ಕೊಡುವ ಇಂಥ ವ್ಯವಹಾರಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ.

ಸ್ಟುಡಿಯೊವನ್ನು ಗಂಟೆ ಲೆಕ್ಕದಲ್ಲಿ ಕೊಡಿ, ಡಾರ್ಕ್ ರೂಂ ಮೂರು ಗಂಟೆಗಿಂತ ಕಡಿಮೆಗೆ ಬೇಡ. ಕೆಮಿಕಲ್ ಸಿದ್ಧ ಮಾಡಿ, ಕೊನೆಗೆ ತೊಳೆದಿಡುವುದರಲ್ಲೇ ಒಂದು ಗಂಟೆ ಹೋಗುತ್ತದೆ. ಕೆಮಿಕಲ್ ನಿಮ್ಮದು, ಪೇಪರ್ ಅವರದು. ಲೈಟ್ ಬಿದ್ದು ಒಡೆದರೆ ಯಾರ ಖರ್ಚು ಎಂಬುದನ್ನು ಬುಕಿಂಗ್ ಫಾರಂನಲ್ಲೇ ಬರೆಸಿಕೊಳ್ಳಿ. ಆಷಾಢದಲ್ಲಿ ಮದುವೆಗಳಿಲ್ಲ, ಮದುವೆ ಫೋಟೊಗ್ರಾಫರ್‌ಗಳಿಗೂ ಬಿಡುವು. ಪ್ರಿಂಟಿಂಗ್ ತರಗತಿಗಳನ್ನು ಆ ತಿಂಗಳಿಗೇ ಇಟ್ಟುಕೊಳ್ಳಿ.