ತಳ ಗರಿಗರಿ, ಮೇಲೆ ಮೆತ್ತಗೆ: ಗ್ಯೋಜಾ ಮಾಡುವುದು ಹೀಗೆ

ಗ್ಯೋಜಾ ಎಂದರೆ ತೆಳ್ಳನೆಯ ಮೈದಾ ಹಾಳೆಯಲ್ಲಿ ಹೂರಣ ತುಂಬಿ ಮಡಚಿದ ಕಡುಬಿನಂಥ ತಿನಿಸು. ಜಪಾನಿನಲ್ಲಿ ಸುಮ್ನೆ ಗ್ಯೋಜಾ ಅಂದರೆ ಸಾಮಾನ್ಯವಾಗಿ ಯಾಕಿ-ಗ್ಯೋಜಾ, ಬಾಣಲೆಯಲ್ಲಿ ಕಾಯಿಸಿದ್ದು. ನೀರಲ್ಲಿ ಬೇಯಿಸಿದರೆ ಸುಯಿ-ಗ್ಯೋಜಾ, ಕರಿದರೆ ಅಗೆ-ಗ್ಯೋಜಾ. ಮೂಲ ಚೀನಾದ್ದು. ಎರಡನೇ ಮಹಾಯುದ್ಧದ ನಂತರ ಈಶಾನ್ಯ ಚೀನಾದ ಮಂಚೂರಿಯಾದಿಂದ ಮರಳಿದ ಜಪಾನೀಯರಿಂದ ಜಪಾನಿನಲ್ಲಿ ಮನೆಮಾತಾಯಿತು.

ಒಳ್ಳೆಯ ಗ್ಯೋಜಾದ ತಳ 'ಪರಿಪರಿ' ಇರಬೇಕು ಅನ್ನುತ್ತಾರೆ, ನಮ್ಮ ಗರಿಗರಿ. ಮೇಲಿನ ಹಾಳೆ 'ಮೊಚಿಮೊಚಿ', ಮೆತ್ತಗಿದ್ದರೂ ಹಲ್ಲಿಗೆ ಸ್ವಲ್ಪ ಜಗ್ಗುವಂಥದ್ದು. ಒಂದೇ ಬಾಣಲೆಯಲ್ಲಿ ಎರಡೂ ಬರಬೇಕು. ಇದರ ಸೊಗಸೇ ಅದು.

ಮೊದಲು ಹಿಟ್ಟು. 200 ಗ್ರಾಂ ಮೈದಾಗೆ ಸುಮಾರು 110 ಮಿ.ಲೀ. ಬಿಸಿನೀರು ಹಾಕಿ ನಾದಿ, ಅರ್ಧ ಗಂಟೆ ಮುಚ್ಚಿಡಿ. ಬಿಸಿನೀರಿನಿಂದ ಹಿಟ್ಟು ಮೆದುವಾಗುತ್ತದೆ, ತೆಳ್ಳಗೆ ಲಟ್ಟಿಸಲು ಸುಲಭ.

ಹೂರಣಕ್ಕೆ ಅಲ್ಲಿ ಹಂದಿ ಖೀಮಾ, ಎಲೆಕೋಸು, 'ನಿರಾ' ಎಂಬ ಬೆಳ್ಳುಳ್ಳಿ ವಾಸನೆಯ ಸೊಪ್ಪು ಹಾಕುತ್ತಾರೆ. ಕೋಳಿ ಖೀಮಾ, ಇಲ್ಲವೇ ನೀರು ಹಿಂಡಿದ ತೋಫು ಜೊತೆ ಅಣಬೆಯೂ ಆದೀತು. ಕೋಸನ್ನು ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡಿ. ಹೀಗೆ ಹಿಂಡದಿದ್ದರೆ ಹಾಳೆ ಒದ್ದೆಯಾಗಿ ಹರಿಯುತ್ತದೆ. ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸ್, ಎಳ್ಳೆಣ್ಣೆ ಸೇರಿಸಿ ಅಂಟು ಬರುವವರೆಗೆ ಕಲಸಿ.

ಅಂಗೈಯಗಲದ ಹಾಳೆಯಲ್ಲಿ ಒಂದು ಚಮಚ ಹೂರಣವಿಟ್ಟು ಅಂಚಿಗೆ ನೀರು ಸವರಿ ಮಡಚಿ. ನೆರಿಗೆಗೆ 'ಹಿದಾ' ಎನ್ನುತ್ತಾರೆ. ಕಡುಬಿನ ಅಂಚು ಮಡಿಸಿದ ಕೈಗೆ ಇದು ಕಷ್ಟವಲ್ಲ. ಆದರೆ ನೆರಿಗೆ ಒಂದೇ ಬದಿಗೆ. ಆಗ ಗ್ಯೋಜಾ ಅರ್ಧಚಂದ್ರದಂತೆ ಬಾಗಿ ತಳವೂರಿ ಕೂರುತ್ತದೆ.

ಈಗ ಬಾಣಲೆ. ಎಣ್ಣೆ ಕಾದ ಮೇಲೆ ಜೋಡಿಸಿ, ತಳ ತುಸು ಕೆಂಪಾಗಲಿ. 100 ಮಿ.ಲೀ. ನೀರಿಗೆ ಒಂದು ಚಮಚ ಮೈದಾ ಕದಡಿ ಸುರಿದು, ತಕ್ಷಣ ಮುಚ್ಚಳ ಹಾಕಿ. ಐದು ನಿಮಿಷ ಆವಿಯಲ್ಲಿ ಬೇಯಲಿ. ಮುಚ್ಚಳ ತೆಗೆದು ಕಿವಿಗೊಡಿ. ಕೊತಕೊತ ಸದ್ದು ಹೋಗಿ ಚಟಪಟ ಶುರುವಾದರೆ ನೀರು ಆರಿದೆ ಎಂದರ್ಥ. ಸುತ್ತ ಎಳ್ಳೆಣ್ಣೆ ಬಿಡಿ. ಮೈದಾ ನೀರು ಒಣಗಿ ಗ್ಯೋಜಾಗಳ ನಡುವೆ ತೆಳ್ಳನೆಯ ಕಂದು ಜಾಲರಿ ಕಟ್ಟುತ್ತದೆ. ಅದೇ 'ಹನೆ', ರೆಕ್ಕೆ. ಅಂಚು ತಾನಾಗಿ ಏಳುವವರೆಗೆ ಕೆದಕಬೇಡಿ.

ಬಾಣಲೆ ಮೇಲೆ ತಟ್ಟೆ ಮುಚ್ಚಿ ಮಗುಚಿ. ಕೆಂಪು ತಳ ಮೇಲಿರಬೇಕು, ಇಲ್ಲದಿದ್ದರೆ ಆವಿಗೆ ಮೆತ್ತಗಾಗುತ್ತದೆ. 'ತಾರೆ' ಎಂಬ ಅದ್ದುವ ರಸಕ್ಕೆ ಸೋಯಾ ಸಾಸ್, ವಿನೆಗರ್, ಎರಡು ಹನಿ ಖಾರದೆಣ್ಣೆ ಸಾಕು. ಹಮಾಮಾತ್ಸು ಊರಿನವರು ತಟ್ಟೆಯ ನಡುವೆ ಬೇಯಿಸಿದ ಮೊಳಕೆಕಾಳನ್ನೂ ಇಡುತ್ತಾರೆ.