ಸೊಂಟದ ಕೀಲು ಸವೆದವರಿಗೆ: ಕೋಲು, ಕುರ್ಚಿ, ಕೊಡಗಿನ ಮಳೆ

ನೋವು ಎಲ್ಲಿದೆ ಎಂದು ಮೊದಲು ಕೈಯಿಟ್ಟು ನೋಡಿ. ಬೆನ್ನಿನ ಕೆಳಗೆ, ಬೆಲ್ಟ್ ಕೂರುವ ಜಾಗದಲ್ಲಿದ್ದರೆ ಅದು ಹೆಚ್ಚಾಗಿ ಬೆನ್ನುಮೂಳೆಯದ್ದು. ಸೊಂಟದ ಕೀಲು ಸವೆದರೆ ನೋವು ತೊಡೆಸಂದಿನಲ್ಲಿ ಬರುತ್ತದೆ. ಅಲ್ಲಿಂದ ತೊಡೆಯ ಮುಂಭಾಗಕ್ಕೆ, ಕೆಲವರಿಗೆ ಬರೀ ಮಂಡಿಗೆ ಇಳಿಯುತ್ತದೆ. ಮಂಡಿಯ ಎಕ್ಸ್‌ರೇ ಚೆನ್ನಾಗಿದ್ದೂ ಮಂಡಿ ನೋಯುತ್ತಿದ್ದರೆ ಸೊಂಟದ ಎಕ್ಸ್‌ರೇ ತೆಗೆಸಿ. ಕಾಲುಗುರು ಕತ್ತರಿಸಲು ಬಗ್ಗಲಾಗದಿರುವುದು, ಚಕ್ಕಳಮಕ್ಕಳ ಹಾಕಲು ಬಾರದಿರುವುದು ಶುರುವಿನ ಗುರುತುಗಳು.

ಸವೆದ ಕೀಲನ್ನು ಯಾವ ಮಾತ್ರೆಯೂ ಮೊದಲಿನಂತೆ ಮಾಡದು. ಆದರೆ ದಿನನಿತ್ಯದ ನೋವಿನಲ್ಲಿ ಒಂದು ದೊಡ್ಡ ಪಾಲು ತಗ್ಗು ಕುರ್ಚಿಯಿಂದ, ತಪ್ಪು ಕೈಯಲ್ಲಿ ಹಿಡಿದ ಕೋಲಿನಿಂದ ಬರುವಂಥದ್ದು. ಅದನ್ನು ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಕೋಲು

ನೋವು ಬಲಗಡೆಯಾದರೆ ಕೋಲು ಎಡಗೈಯಲ್ಲಿ. ಬಹಳ ಜನ ಇದನ್ನು ತಿರುಗುಮುರುಗಾಗಿ ಹಿಡಿಯುತ್ತಾರೆ. ಒಂಟಿಕಾಲಲ್ಲಿ ನಿಂತ ಕ್ಷಣ ದೇಹ ಒಂದು ಕಡೆ ವಾಲದಂತೆ ಸೊಂಟದ ಸ್ನಾಯುಗಳು ಬಿಗಿಯಾಗಿ ಎಳೆಯುತ್ತವೆ. ಹಾಗಾಗಿ ಆ ಕೀಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಎದುರು ಕೈಯಲ್ಲಿ ಕೋಲು ಊರಿದರೆ ಆ ಎಳೆತ ತಗ್ಗುತ್ತದೆ. ಸಂತೆ ಚೀಲವನ್ನು ಮಾತ್ರ ನೋವಿರುವ ಕಡೆಯ ಕೈಯಲ್ಲೇ ಹಿಡಿಯಿರಿ. ಕೇಳಲು ವಿಚಿತ್ರ, ಲೆಕ್ಕ ಅದೇ.

ಉದ್ದ ಅಳೆಯುವುದು ಹೀಗೆ: ದಿನಾ ಹಾಕುವ ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಡಿ. ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟಿದೆಯೋ ಅಷ್ಟು. ಕಾಫಿ ಗಿಡದ ಕೋಲು ಗಟ್ಟಿ, ಬಾಳಿಕೆಯೂ ಚೆನ್ನ. ಆದರೆ ತುದಿಗೆ ರಬ್ಬರ್ ಬುಷ್ ಹಾಕದೆ ಬಳಸಬೇಡಿ. ಬುಷ್‌ನ ಅಡಿಯ ಗೆರೆಗಳು ಅಳಿಸಿದರೆ ಒದ್ದೆ ಸಿಮೆಂಟಿನ ಮೇಲೆ ಜಾರುವುದು ಖಂಡಿತ. ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಕೊಡೆಯನ್ನು ಕೋಲಿನಂತೆ ಊರುವುದು ಅಪಾಯ.

ಮೆಟ್ಟಿಲು ಹತ್ತುವಾಗ ಮೊದಲು ಒಳ್ಳೆಯ ಕಾಲು, ಆಮೇಲೆ ನೋವಿನ ಕಾಲು ಮತ್ತು ಕೋಲು. ಇಳಿಯುವಾಗ ಮೊದಲು ಕೋಲು, ನೋವಿನ ಕಾಲು, ಕೊನೆಗೆ ಒಳ್ಳೆಯ ಕಾಲು. ತೋಟದ ಇಳಿಜಾರಿಗೂ ಇದೇ ಕ್ರಮ.

ಎತ್ತರ

ಮಂಡಿಯ ಹಿಂದಿನ ಮಡಿಕೆಯಿಂದ ನೆಲಕ್ಕೆ ಅಳೆದು 2ರಿಂದ 3 ಇಂಚು ಸೇರಿಸಿ. ಕುರ್ಚಿ, ಮಂಚ, ಕಮೋಡ್ ಮೂರೂ ಆ ಎತ್ತರಕ್ಕೆ ಬರಬೇಕು. ಪ್ಲಾಸ್ಟಿಕ್ ಕುರ್ಚಿ ತಗ್ಗಾದರೆ ಅದೇ ಅಳತೆಯ ಇನ್ನೊಂದನ್ನು ಒಳಗೆ ಸೇರಿಸಿ: ಎತ್ತರವೂ ಸಿಗುತ್ತದೆ, ಕುರ್ಚಿಯ ಕಾಲು ಬಾಗುವುದೂ ನಿಲ್ಲುತ್ತದೆ. ಮೆತ್ತನೆ ಸೋಫಾ ನೆಂಟರಿಗಿರಲಿ. ನೆಲದ ಶೌಚಾಲಯವಿದ್ದರೆ ಒಡೆಯಬೇಕಿಲ್ಲ. ನಡುವೆ ತೂತಿರುವ ಸ್ಟೀಲ್ ಕಮೋಡ್ ಸ್ಟೂಲ್ ಅದರ ಮೇಲೆ ಕೂರುತ್ತದೆ.

ಶೌಚಾಲಯ, ಬಚ್ಚಲಿನಲ್ಲಿ ಹಿಡಿದು ಏಳುವ ಹಿಡಿಕೆಗೆ ಸುಮಾರು ಒಂದೂಕಾಲು ಇಂಚು ದಪ್ಪದ ಕಬ್ಬಿಣದ ಪೈಪ್ ಹಾಕಿಸಿ. ಪಿವಿಸಿ ಪೈಪ್ ಮತ್ತು ಟವೆಲ್ ರಾಡ್ ಮೈಭಾರ ತಡೆಯುವುದಿಲ್ಲ. ಹಳೆಯ ಮನೆಗಳ ಮಣ್ಣಿನ ಗೋಡೆಯಲ್ಲಿ ಬೋಲ್ಟ್ ನಿಲ್ಲದೆ ಪುಡಿಯ ಸಮೇತ ಕಿತ್ತು ಬರುತ್ತದೆ. ಅಲ್ಲಿ ನೆಲಕ್ಕೆ ಕಾಂಕ್ರೀಟ್ ಹಾಕಿ ಪೈಪನ್ನು ನಿಲ್ಲಿಸುವುದೇ ಸರಿ. ಬಚ್ಚಲಲ್ಲಿ ಹಂಡೆಯಿಂದ ಬಗ್ಗಿ ನೀರು ತೋಡುವ ಬದಲು ಬೇರೆಯವರಿಂದ ಬಕೆಟ್ ತುಂಬಿಸಿ, ಅದನ್ನು ಸ್ಟೂಲ್ ಮೇಲಿಡಿಸಿ, ಕುಳಿತೇ ಸ್ನಾನ ಮಾಡಿ.

ಮಳೆಗಾಲಕ್ಕೆ ಮುಂಚೆ

ಮೇ ಕೊನೆಯೊಳಗೆ ಅಂಗಳ, ಮೆಟ್ಟಿಲಿನ ಪಾಚಿ ತೆಗೆಸಿ. ನೆಲ ಒದ್ದೆ ಮಾಡಿ ಬ್ಲೀಚಿಂಗ್ ಪೌಡರ್ ಎರಚಿ, ಅರ್ಧ ಗಂಟೆ ಬಿಟ್ಟು ಗಟ್ಟಿ ಪೊರಕೆಯಿಂದ ತಿಕ್ಕಿ ತೊಳೆಯಬೇಕು. ಇದಕ್ಕೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಬೆರೆಸಿದರೆ ವಿಷದ ಗಾಳಿ ಏಳುತ್ತದೆ. ಬಿಡದೆ ಸುರಿಯುವ ಜುಲೈಯಲ್ಲಿ ಪಾಚಿ ಮತ್ತೆ ಕಟ್ಟುತ್ತದೆ, ಆಗ ಇನ್ನೊಮ್ಮೆ ತಿಕ್ಕಿಸಿ. ಬಾಗಿಲಲ್ಲಿ ಹಾಸುವ ಗೋಣಿಚೀಲ ತೆಗೆದುಬಿಡಿ. ಅದು ಕಾಲಿಗೆ ಸಿಕ್ಕಿ ಬೀಳಿಸುತ್ತದೆ. ಕೋಲು ಹಿಡಿದವರಿಗೆ ಕೊಡೆಗಿಂತ ರೈನ್‌ಕೋಟ್ ವಾಸಿ. ಉದ್ದ ಗಂಬೂಟು ಎಳೆದುಹಾಕುವಾಗ ಕೀಲು ತಿರುಚುತ್ತದೆ. ಒಂದು ಸೈಜ್ ದೊಡ್ಡದಾದ, ಗಿಡ್ಡ ಬೂಟು ಸಾಕು.

ಬಿದ್ದವರಿಗೆ ಏಳಲಾಗದೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ನಿಲ್ಲಿಸಿ ನೋಡಬೇಡಿ, ಎಣ್ಣೆ ತಿಕ್ಕಬೇಡಿ. ಅಲುಗಿಸದೆ 108ಕ್ಕೆ ಕರೆ ಮಾಡಿ.

ನಡಿಗೆ, ವ್ಯಾಯಾಮ

ಮಳೆಯೆಂದು ನಾಲ್ಕು ತಿಂಗಳು ಕೂತರೆ ಸ್ನಾಯು ಕರಗುತ್ತದೆ, ಆಮೇಲೆ ಕೀಲಿಗೆ ಆಧಾರವೇ ಇರುವುದಿಲ್ಲ. ಜಗುಲಿಯಲ್ಲೇ 10 ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಯಿರಿ. ಮಂಚದ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಪೃಷ್ಠವನ್ನು ಎತ್ತಿ 5 ಎಣಿಸಿ ಇಳಿಸುವುದು 10 ಸಲ. ಎತ್ತರದ ಕುರ್ಚಿಯಿಂದ ಎದ್ದು ನಿಧಾನವಾಗಿ ಕೂರುವುದು 10 ಸಲ. ಮಾಡುವಾಗ ಸ್ವಲ್ಪ ನೋವಾದರೆ ತೊಂದರೆಯಿಲ್ಲ. ಮರುದಿನ ಬೆಳಿಗ್ಗೆಯೂ ಹೆಚ್ಚೇ ಇದ್ದರೆ ಅರ್ಧಕ್ಕೆ ಇಳಿಸಿ. ಮಗ್ಗುಲಾಗಿ ಮಲಗುವಾಗ ಮಂಡಿಗಳ ನಡುವೆ ದಿಂಬಿರಲಿ.

ಔಷಧಿ

ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಪೆಟ್ಟು. ಬಿಪಿ ಇದ್ದವರಿಗೆ ಇನ್ನೂ ಕಷ್ಟ. ಹೆಸರಿಲ್ಲದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಸ್ಟಿರಾಯ್ಡ್ ಆಗಲಿ, ದಿನಾ ಸಂಜೆಯ ಅತಿಯಾದ ಕುಡಿತವಾಗಲಿ ತೊಡೆಮೂಳೆಯ ತಲೆಗೆ (ಸೊಂಟದ ಕೀಲಿನೊಳಗೆ ಕೂರುವ ಗುಂಡನೆ ತುದಿಗೆ) ರಕ್ತ ಹೋಗುವುದನ್ನೇ ನಿಲ್ಲಿಸಬಹುದು. ಆಗ ಮೂಳೆ ಸತ್ತು ಕುಸಿಯುತ್ತದೆ, ಅದೂ ನಲವತ್ತರ ಆಸುಪಾಸಿನಲ್ಲೇ. ನಮ್ಮ ಕಡೆ ಕುಡಿತದ ಮಾತು ಆಡಲು ಜನ ಹಿಂಜರಿಯುತ್ತಾರೆ, ಡಾಕ್ಟರ ಹತ್ತಿರವಾದರೂ ಹೇಳಿಬಿಡಿ. ಜ್ವರದ ಜೊತೆ ಸೊಂಟ ನೋಯುತ್ತಿದ್ದರೆ ಅದೇ ದಿನ ತೋರಿಸಿ.

ಪ್ರಯಾಣ, ಆಪರೇಷನ್

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರಿನಲ್ಲಿ ಇಳಿದು ಐದು ನಿಮಿಷ ನಡೆಯಿರಿ. ಕಾರು ಹತ್ತುವಾಗ ಬೆನ್ನು ಸೀಟಿನ ಕಡೆ ಮಾಡಿ ಮೊದಲು ಕುಳಿತು, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸಿ. ಸೀಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿದರೆ ಸಲೀಸಾಗಿ ತಿರುಗಬಹುದು. ಹೊರಡುವ ಮೊದಲು ತೆಗೆದುಬಿಡಿ.

ರಾತ್ರಿ ನೋವಿಗೆ ನಿದ್ದೆ ಕೆಡುತ್ತಿದ್ದರೆ, ಅಂಗಳ ದಾಟುವುದೇ ಕಷ್ಟವಾದರೆ ಕೀಲು ಬದಲಿಸುವ ಮಾತು ತೆಗೆಯುವ ಹೊತ್ತು ಬಂದಿದೆ. ಅವಸರವಿಲ್ಲದ ಆಪರೇಷನ್ ಆದ್ದರಿಂದ ದಿನ ನೋಡಿ ಇಟ್ಟುಕೊಳ್ಳಬಹುದು. ಮನೆಗೆ ಬಂದ ಮೊದಲ ಕೆಲವು ವಾರ ವಾಕರ್ ಹಿಡಿದು ನಡೆಯಬೇಕು, ಜೊತೆಗೊಬ್ಬರು ಇರಬೇಕು. ಜೂನ್‌ನಿಂದ ಸೆಪ್ಟೆಂಬರ್ ಅಂಗಳ ಜಾರುತ್ತದೆ. ಜನವರಿ, ಫೆಬ್ರವರಿಯಲ್ಲಿ ರೋಬಸ್ಟಾ ಕಾಫಿ ಕೊಯ್ಲಿಗೆ ಮನೆಯವರೆಲ್ಲ ತೋಟದಲ್ಲಿ. ಅಕ್ಟೋಬರ್ ಅಥವಾ ಮಾರ್ಚ್ ಕೇಳಿ.